ಚಿಲಕ ಯಾರ ಕಡೆಗೆ

ಗೋಡೆ

ಗಾರೆಯವನು ನಡುಮನೆಯ ಮಧ್ಯೆ ಸುಣ್ಣದ ಗೆರೆ ಎಳೆದ. ಅವ್ವ ಬಂದು ಗೆರೆಯ ಮೇಲೆ ಕೂತಳು.

ಗುಂಡ್ಲುಪೇಟೆಯ ಮನೆ. ಐವತ್ತರ ದಶಕ. ಅಣ್ಣ, ನಾನು, ಇಬ್ಬರ ಹೆಂಡಿರು, ಇಬ್ಬರಿಗೂ ಒಂದೊಂದು ಕೈಗೂಸು. ಒರಳುಕಲ್ಲು ಮಾತ್ರ ಒಂದೇ. ಅದು ಯಾರದೆಂದು ಅತ್ತಿಗೆಗೂ ನನ್ನವಳಿಗೂ ಜಗಳ ಹತ್ತಿ, ಬೇರೆಯಾಗುವ ಮಟ್ಟಕ್ಕೆ ಬಂತು. ಬೀದಿ ಕಡೆಯ ಅರ್ಧ ಅಣ್ಣನಿಗೆ, ಬಾವಿಯಿರುವ ಹಿತ್ತಿಲ ಕಡೆಯ ಅರ್ಧ ನನಗೆ, ನಡುವೆ ಗೋಡೆ ಎಂದು ಮಾತಾಯಿತು.

“ಅವ್ವಾರೆ, ಒಸಿ ಸರ್ಕಳಿ,” ಎಂದ ಗಾರೆಯವನು.

“ಎತ್ತಗ್ಲಾ ಸರ್ಕಳ್ಳಿ? ದೊಡ್ಡೋನ್ ಕಡೀಕಾ, ಚಿಕ್ಕೋನ್ ಕಡೀಕಾ?”

ಅವನು ಅಣ್ಣನ ಮುಖ ನೋಡಿದ. ಅಣ್ಣ ನನ್ನ ಮುಖ ನೋಡಿದ. ನಾನು ಸೂರು ನೋಡಿದೆ.

“ಕಟ್ಟು, ನಾನೇನ್ ಬ್ಯಾಡ ಅನ್ನಲ್ಲ. ಗ್ವಾಡೆ ಎದ್ದ ದಿವ್ಸ ಚಂದಕವಾಡಿಗೆ ಮಗಳ ಮನೆಗೆ ಒಂಟೋಯ್ತೀನಿ,” ಎಂದಳು ಅವ್ವ.

ಎರಡು ಕೂಸುಗಳೂ ಮಲಗುತ್ತಿದ್ದುದು ಅವ್ವನ ತೊಡೆಯ ಮೇಲೆ ಮಾತ್ರ. ಬೇರೆ ಯಾರು ಎತ್ತಿಕೊಂಡರೂ ಚೀರಾಟ. ಗೋಡೆ ಬೇಡವೆಂದು ಮೊದಲು ಓಡಿ ಬಂದವರು ಜಗಳವಾಡಿದ ಇಬ್ಬರೇ.

ಗಾರೆಯವನು ಕರಣೆ ಒರೆಸಿಕೊಂಡ. “ಚಾಮರಾಜನಗರದಲ್ಲಿ ಒಬ್ರು ವಕೀಲರ ಮನೇಲಿ ಮಡ್ಸೋ ಬಾಗ್ಲದೆ. ಬೇಕಾದ್ರೆ ಗ್ವಾಡೆ, ಬ್ಯಾಡಾದ್ರೆ ಇಲ್ಲ. ನೋಡ್ಕ ಬನ್ನಿ. ನಿಮ್ ತಾಯಿ ಮ್ಯಾಲೆ ನಂಗೆ ಕಟ್ಟಕಾಗಕಿಲ್ಲ.”

ವಕೀಲರ ಮನೆ

ಬಾಗಿಲು ಆರಿಸುವ ಕೆಲಸಕ್ಕೆ ಗಂಡಂದಿರನ್ನು ನಂಬುವ ಹಾಗಿರಲಿಲ್ಲವಂತೆ. ನಾಲ್ವರೂ ಹೊರಟೆವು. ಬಸ್ಸಿನಲ್ಲಿ ಅತ್ತಿಗೆ ಮುಂದಿನ ಸೀಟು, ನನ್ನವಳು ಹಿಂದಿನ ಸೀಟು. ನಡುವೆ ಅಣ್ಣ, ನಾನು, ಯಾರದೋ ಕೋಳಿಗಳು.

ವಕೀಲರು ಪಂಚೆ ಎತ್ತಿ ಕಟ್ಟಿ ತಾವೇ ಬಾಗಿಲು ತೋರಿಸಿದರು. ನಾಲ್ಕು ರೆಕ್ಕೆ. ಎಳೆದರೆ ಗೋಡೆಯಂತೆ ನಿಲ್ಲುತ್ತಿತ್ತು. ಮಡಿಸಿದರೆ ಎರಡು ಎಡಕ್ಕೆ, ಎರಡು ಬಲಕ್ಕೆ ಒರಗಿಕೊಳ್ಳುತ್ತಿದ್ದವು.

“ಆ ಕಡೆ ನನ್ನ ಸಂಸಾರ, ಈ ಕಡೆ ನನ್ನ ಕಕ್ಷಿದಾರರು,” ಎಂದರು. ಬಾಗಿಲು ಎಳೆದು ಮುಚ್ಚಿದರು. “ಈಗ ನೋಡಿ, ಇಲ್ಲಿ ಏನು ಮಾತಾಡಿದರೂ ಆ ಕಡೆಗೆ ಒಂದಕ್ಷರ ಕೇಳಿಸೋದಿಲ್ಲ.”

“ಎಲ್ಲಾ ಕೇಳಿಸತ್ತೆ,” ಎಂದರು ಬಾಗಿಲ ಹಿಂದಿನಿಂದ ಅವರ ಹೆಂಡತಿ.

ವಕೀಲರು ಕೆಮ್ಮಿದರು. ಅತ್ತಿಗೆ ನನ್ನವಳ ಮುಖ ನೋಡಿದಳು. ನನ್ನವಳು ಅತ್ತಿಗೆಯ ಮುಖ ನೋಡಿದಳು.

“ಇಂಥದೇ ಆಗ್ಲಿ,” ಎಂದರು ಇಬ್ಬರೂ ಒಟ್ಟಿಗೆ.

ಮರ

ಬಡಗಿ ಕಾಡಿನಾಚೆಯಿಂದ ಬಂದು ಗುಂಡ್ಲುಪೇಟೆಯಲ್ಲಿ ನೆಲೆನಿಂತ ಮಲೆಯಾಳಿ. ಅಣ್ಣ ತೇಗ ಎಂದ. ನಾನು ಹೊನ್ನೆ ಎಂದೆ. ಬಡಗಿ ಇಬ್ಬರಿಗೂ ತಲೆಯಾಡಿಸಿ ಬೀಡಿ ಹಚ್ಚಿದ.

ಅವ್ವ ಬಂದಳು. “ಯಾವ ಮರ ಜಾಸ್ತಿ ಕಿರ್‌ಗುಟ್ತದಪ್ಪಾ?”

“ಒಳ್ಳೇ ಮರ ಕಿರ್‌ಗುಟ್ಟೋದಿಲ್ಲ ಅಮ್ಮಾ.”

“ಅಂಗಾದ್ರೆ ಬ್ಯಾಡ. ಯಾರು ಯಾವ ಕಡೀಕೆ ಓದ್ರು ಅಂತ ಮಲ್ಗಿರೋಳ್ಗೆ ಗೊತ್ತಾಗಬ್ಯಾಡ್ವಾ?”

“ಸದ್ದು ಮರದಲ್ಲಿಲ್ಲ ಅಮ್ಮಾ, ಕೀಲಲ್ಲಿ ಬರೋದು.”

“ಅಂಗಾದ್ರೆ ಯಾವ್ದಾರ ಮರ ಆಕು. ಕೀಲ್ಗೆ ಮಾತ್ರ ಎಣ್ಣೆ ಬುಟ್ಟೀಯೆ, ಜ್ವಾಕೆ!”

ತೇಗವಾಯಿತು. ಊರಿನಲ್ಲಿ ಅಷ್ಟು ಚಂದದ ಬಾಗಿಲಿರಲಿಲ್ಲ. ತೆಗೆದರೆ ಕೀಲಿನ ಸದ್ದಿಗೆ ಎತ್ತಿನಗಾಡಿ ಬಂತೆಂದು ಬೀದಿಯವರು ಪಕ್ಕಕ್ಕೆ ಸರಿಯುತ್ತಿದ್ದರು.

ಚಿಲಕ

ಬಾಗಿಲು ಕೂತ ಮೇಲೆ ಬಡಗಿ ಚಿಲಕ ಹಿಡಿದು ನಿಂತ. “ಇದು ಯಾರ ಕಡೆಗೆ?”

ಅದನ್ನು ಯಾರೂ ಯೋಚಿಸಿರಲಿಲ್ಲ.

“ದೊಡ್ಡೋನು ನಾನು. ನನ್ ಕಡೀಕೆ ಆಕು,” ಎಂದ ಅಣ್ಣ.

ನನ್ನವಳು ಭಾವನಿಗೆ ಎದುರಾಡುವವಳಲ್ಲ. ಕೂಸಿಗೆ ಹೇಳಿದಳು: “ನೋಡ್ಲಾ ಮಗಾ, ನಿಮ್ ದೊಡ್ಡಪ್ಪ ನಮ್ಮನ್ನ ಆಚ್ಗೆ ತಳ್ಳಿ ಚಿಲ್ಕ ಆಕಂತಾರಂತೆ.”

ಅತ್ತಿಗೆಯೂ ತನ್ನ ಕೂಸನ್ನು ಎತ್ತಿಕೊಂಡಳು. “ಆ ಕಡೀಕೆ ಆಕುದ್ರೆ ನಾವ್ ಆಚೆಯೋರು ಕಣಮ್ಮಿ. ಗೊತ್ತಾಯ್ತಾ?”

ಕೂಸುಗಳ ಮಾತುಕತೆ ಮಧ್ಯಾಹ್ನದವರೆಗೆ ನಡೆಯಿತು. ಬಡಗಿ ನನ್ನನ್ನು ಕೇಳಿದ. “ಎರಡು ಹಾಕು,” ಎಂದೆ. ಆ ಕಡೆಗೊಂದು, ಈ ಕಡೆಗೊಂದು.

ಸ್ವಲ್ಪ ದಿನಕ್ಕೆ ಒರಳಿನ ಜಗಳ ಮತ್ತೆ ಎದ್ದಿತು. ಬೆಳಿಗ್ಗೆಯೇ ಎರಡೂ ಚಿಲಕ ಬಿದ್ದವು. ಅವ್ವ ಉಳಿದದ್ದು ಅಣ್ಣನ ಕಡೆ. ನಮ್ಮ ಕೂಸು ಅಳತೊಡಗಿತು. ನನ್ನವಳು ಸೋತು ನಮ್ಮ ಚಿಲಕ ತೆಗೆದು ಬಾಗಿಲು ನೂಕಿದಳು. ಆ ಕಡೆಯ ಚಿಲಕ ಹಾಗೇ ಇತ್ತು. “ಓಹೋ, ಅಷ್ಟೊಂದಾ?” ಎಂದು ತಿರುಗಿ ಹಾಕಿದಳು.

ಆಮೇಲೆ ಆ ಕಡೆ ನೀರು ಮುಗಿಯಿತು. ಅತ್ತಿಗೆ ತನ್ನ ಚಿಲಕ ತೆಗೆದು ನೂಕಿದಳು. ಈಗ ನಮ್ಮದು ಬಿದ್ದಿತ್ತು. “ಅಂಗಾ ಸಮಾಚಾರ?” ಎಂದು ಅವಳೂ ಹಾಕಿದಳು.

ಹೀಗೇ ನಡೆಯಿತು. ಒಬ್ಬಳು ತೆಗೆದಾಗ ಇನ್ನೊಬ್ಬಳದು ಹಾಕಿರುತ್ತಿತ್ತು. ಆ ಕಡೆ ಅಣ್ಣ, ಈ ಕಡೆ ನಾನು ಸುಮ್ಮನೆ ಕೂತಿದ್ದೆವು.

ಕೊನೆಗೆ ಅವ್ವ ಬೀದಿ ಬಾಗಿಲಿನಿಂದ ಇಳಿದು, ಸುಡುಬಿಸಿಲಲ್ಲಿ ಬೀದಿ ಸುತ್ತಿ, ಸಂದಿ ಹಿಡಿದು ನಮ್ಮ ಹಿತ್ತಿಲ ಕಡೆಗೆ ನಡೆದಳು. ಜಗಲಿ ಜಗಲಿಯಲ್ಲೂ ಜನ ಕೇಳಿದರು: “ಈ ಬಿಸ್ಲಲ್ಲಿ ಎಲ್ಗವ್ವಾ?”

“ನಮ್ ನಡುಮನೆಗೆ ಕಣಪ್ಪಾ.”

ಅವ್ವನ ಕೋಣೆ

ಮಾರನೆಯ ದಿನ ಅವ್ವನೇ ಬಡಗಿಯನ್ನು ಕರೆಸಿದಳು. ಎರಡು ಚಿಲಕವನ್ನೂ ಬಿಚ್ಚಿಸಿದಳು. ನಡುಮನೆಯ ಮೂಲೆಯಲ್ಲಿ ಅವಳದೊಂದು ಸಣ್ಣ ಕೋಣೆ. ಅದರ ಬಾಗಿಲ ಒಳಗಡೆಗೆ ಹಾಕು ಎಂದಳು.

“ಎರಡೂನಾ ಅಮ್ಮಾ?”

“ಎರಡೂವೆ.”

ಊಟ ಮುಗಿಸಿ ಒಳಗೆ ಹೋದಳು. ಒಂದು ಚಿಲಕ ಬಿದ್ದ ಸದ್ದು. ಇನ್ನೊಂದರ ಸದ್ದು. ಆಮೇಲೆ ಚಾಪೆ ಹಾಸಿದ ಸದ್ದು.

ನಿದ್ದೆಯ ಹೊತ್ತಿಗೆ ಕೂಸುಗಳೆರಡೂ ಒಟ್ಟಿಗೆ ಶುರು ಮಾಡಿದವು. ಅಣ್ಣ ಎತ್ತಿಕೊಂಡ, ನಾನು ಎತ್ತಿಕೊಂಡೆ. ಇನ್ನೂ ಜೋರಾಯಿತು. ಸೊಸೆಯರಿಬ್ಬರೂ ಕೂಸುಗಳನ್ನು ಸೊಂಟಕ್ಕೇರಿಸಿ ಅವ್ವನ ಬಾಗಿಲು ತಟ್ಟಿದರು.

“ಯಾರು?”

“ನಾನು ಅತ್ತೆ,” ಎಂದಳು ಅತ್ತಿಗೆ.

“ನಾನೂವೆ,” ಎಂದಳು ನನ್ನವಳು.

“ಇಬ್ರೂ ಒಂದೇ ಬಾಗ್ಲಲ್ಲಿ ನಿಂತಿದ್ದೀರಾ?”

“ಊಂ.”

ಒಂದು ಚಿಲಕ ತೆಗೆದ ಸದ್ದಾಯಿತು. ಬಾಗಿಲು ತೆರೆಯಲಿಲ್ಲ.

“ಒರಳು ಯಾರ್ದು?”

ಕೂಸುಗಳು ಅಳು ನಿಲ್ಲಿಸಲಿಲ್ಲ.

“ನಿಮ್ದು ಅತ್ತೆ,” ಎಂದಳು ಅತ್ತಿಗೆ.

“ಚಿಕ್ಕೋಳು ಏನಂದ್ಳು, ಕೇಳಿಸ್ನಿಲ್ಲ.”

“ನಿಮ್ದೇ,” ಎಂದಳು ನನ್ನವಳು.

ಎರಡನೆಯ ಚಿಲಕವೂ ಸರಿಯಿತು.

ಮಡಿಸುವ ಬಾಗಿಲಿಗೆ ಇವತ್ತಿಗೂ ಚಿಲಕವಿಲ್ಲ.