ರೂಮಿನ ಅಳತೆಯ ಅಂಗಿ

ಇಂಥವು ನನಗೇ ಯಾಕೆ ಆಗುತ್ತವೋ ತಿಳಿಯದು. ಆಗುತ್ತಲೇ ಇರುತ್ತವೆ, ಅದೂ ನಾನು ಬಾಯಿ ಬಿಟ್ಟು ನನ್ನ ಕೆಲಸ ಏನೆಂದು ವಿವರಿಸಿದ ದಿನವೇ.

ತಗ್ಗು ಬಾಗಿಲಲ್ಲಿ ಕತ್ತು ತಾನಾಗಿ ಬಾಗುತ್ತದೆ. ಬಯಲಿಗೆ ಬಂದರೆ ಎದೆ ಹಿಗ್ಗುತ್ತದೆ. ಇಕ್ಕಟ್ಟಿನಲ್ಲಿ ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತದೆ. ಜಾಗ ಮೈಗೆ ಮಾಡುವ ಈ ಚೇಷ್ಟೆಯನ್ನು ಪಟ್ಟಿ, ಟೋಪಿ, ಶಾಲುಗಳಲ್ಲಿ ಹೊಲಿದು, ತೊಟ್ಟವರು ಕಣ್ಣು ಮುಚ್ಚಿಕೊಂಡರೂ ಆ ಜಾಗ ಮೈಗೆ ತಿಳಿಯುವಂತೆ ಮಾಡುವುದು ನನ್ನ ಕೆಲಸ. ಇದನ್ನು ಕಾಲೇಜಿನಲ್ಲಿ ಕಲಿತೆ. ಕಲಿಸಿದವರಿಗೆ ಅರ್ಥವಾಗಿತ್ತೆಂದು ನಂಬಿದ್ದೇನೆ.

ಮಡಕಶಿರದ ಕಡೆಯ ಹಳ್ಳಿಯಿಂದ ರಾಯದುರ್ಗಕ್ಕೆ ಸೊಸೆಯಾಗಿ ಬಂದವಳು ನಾನು. ಇಲ್ಲಿ ಓಣಿ ಓಣಿಯಲ್ಲೂ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ, ಹಾಗಾಗಿ ಚೂರು ಬಟ್ಟೆಗೆ ಬರವಿಲ್ಲ. ಬರವಿದ್ದದ್ದು ಜಾಗಕ್ಕೆ. ಮನೆಯಲ್ಲಿ ಬೀದಿ ಕಡೆಗೊಂದು ಸಣ್ಣ ರೂಮಿದೆ. ಅಲ್ಲಿ ನಾನು ಕೂತು ಹೊಲಿಯುತ್ತಿದ್ದೆ. ಅತ್ತೆಗೆ ಅದನ್ನು ಯಾರಾದರೂ ಟೈಲರಿಗೆ ಬಾಡಿಗೆ ಕೊಡುವ ಆಸೆ. ಒಂದು ದಿನ ಕರೆದು ಸ್ಪಷ್ಟವಾಗಿ ಹೇಳಿಬಿಟ್ಟರು: "ನೋಡವಾ, ನೀ ಮಾಡಿದ್ದರಾಗ ಒಂದರ ಉಪಯೋಗಕ್ಕ ಬಂತು ಅಂದ್ರ ರೂಮು ನಿಂದ. ಇಲ್ಲಾಂದ್ರ ಯುಗಾದಿ ಆದಮ್ಯಾಗ ಬಾಡಿಗಿಗಿ ಕೊಡಾದ."

ನನ್ನ ಗಂಡ ಇಂಥ ಮಾತು ಬಂದಾಗಲೆಲ್ಲ ಚಹಾ ಕುಡಿಯಲು ಹೊರಗೆ ಹೋಗುವವರು. ಆವತ್ತೂ ಹೋದರು.

ದೊಡ್ಡಪ್ಪನ ಕತ್ತು

ನನ್ನ ತವರುಮನೆ ಬಾಗಿಲು ಎಷ್ಟು ತಗ್ಗೆಂದರೆ, ಹೊಸಬರು ಬಂದರೆ ಮೊದಲು ತಲೆ ಬಡಿದ ಸದ್ದು ಕೇಳುತ್ತದೆ, ಆಮೇಲೆ ನಮಸ್ಕಾರ. ಆ ಬಾಗಿಲು ದಾಟುವಾಗ ಬೆನ್ನು ಹೇಗೆ ಬಾಗುತ್ತದೆಂದು ನೋಡಿ ಕತ್ತಿನಿಂದ ಸೊಂಟದವರೆಗೆ ಬರುವ ಒಂದು ಪಟ್ಟಿ ಹೊಲಿದೆ. ಕಟ್ಟಿಕೊಂಡರೆ ಯಾರೋ ಮೆತ್ತಗೆ ತಲೆಯ ಮೇಲೆ ಕೈಯಿಟ್ಟು ಬಗ್ಗಿಸಿದ ಹಾಗಾಗುತ್ತದೆ.

ಯಾರ ಮೇಲೆ ಪರೀಕ್ಷೆ ಮಾಡುವುದು? ತವರಿಗೆ ಹೋದಾಗ ದೊಡ್ಡಪ್ಪ ಸಿಕ್ಕಿದರು. ಊರಿನಲ್ಲಿ ಯಾರಿಗೂ ತಲೆ ಬಾಗದ ಮನುಷ್ಯ ಎಂದೇ ಅವರಿಗೆ ಹೆಸರು. ಶರ್ಟಿನೊಳಗೆ ಪಟ್ಟಿ ಕಟ್ಟಿ, ಸುಮ್ಮನೆ ಅಗಳಿ ರಸ್ತೆಯವರೆಗೆ ಹೋಗಿ ಬನ್ನಿ ಎಂದೆ.

ದೊಡ್ಡಪ್ಪ ಹೋದರು, ಎದುರಿಗೆ ಬಂದವರಿಗೆಲ್ಲ ತಲೆ ಬಾಗುತ್ತಾ. ಊರಿನವರು ಮೊದಲು ಗಾಬರಿಯಾಗಿ, ಆಮೇಲೆ ತಾವೂ ಬಾಗಿ, ಕೊನೆಗೆ ಮೈಗೆ ಹುಷಾರಿಲ್ಲವೇ ಎಂದು ಕೇಳತೊಡಗಿದರಂತೆ. ದಾರಿಯಲ್ಲಿ ಸಿಕ್ಕಿದವನು ಹೊಲದ ಬದುವಿನ ಜಗಳದಲ್ಲಿ ಅವರೊಂದಿಗೆ ಮಾತು ಬಿಟ್ಟ ಪಕ್ಕದ ಹೊಲದವನು. ದೊಡ್ಡಪ್ಪ ಅವನಿಗೂ ಬಾಗಿದರು. ಅವನ ಕಣ್ಣಲ್ಲಿ ನೀರು ಬಂತು. ಸಂಜೆಗೆ ಹೆಂಡತಿಯನ್ನು ಕರೆದುಕೊಂಡು, ಒಂದು ಚೀಲ ಕಡಲೆಕಾಯಿ ಹೊತ್ತುಕೊಂಡು ರಾಜಿಗೆ ಬಂದೇಬಿಟ್ಟ. ಮನೆಗೆ ಬಂದವರನ್ನು ಕಳಿಸುವುದು ಹೇಗೆ? ಮುದ್ದೆ ಸಾರು ಬಡಿಸಿದ್ದೂ ಆಯಿತು, ಎರಡೂ ಮನೆಯ ಹೆಂಗಸರು ಕೂತು ಅತ್ತಿದ್ದೂ ಆಯಿತು.

ಅವರು ಹೋದ ಮೇಲೆ ದೊಡ್ಡಪ್ಪ ಪಟ್ಟಿ ಬಿಚ್ಚಿ ನನ್ನ ಮುಂದೆ ಒಗೆದರು. "ತಲೆ ಬಗ್ಗಿಸಿದ್ದು ನಾನಲ್ಲ ಕಣವ್ವ, ನಿನ್ನ ಪಟ್ಟಿ. ಓಗಿ ಏಳು ಅವನಿಗೆ."

ನಾನು ಹೇಳಲಿಲ್ಲ. ಅತ್ತೆಗೆ ಮಾತ್ರ ಫೋನ್ ಮಾಡಿ, ನನ್ನ ಪಟ್ಟಿಯಿಂದ ಒಂದು ಜಗಳ ಮುಗಿಯಿತೆಂದೆ. ಅತ್ತೆ ಒಪ್ಪಲಿಲ್ಲ. ದೊಡ್ಡಪ್ಪನೇ ತಾನು ರಾಜಿಯಾಗಿಲ್ಲ ಎನ್ನುತ್ತಿರುವಾಗ ಅದು ಉಪಯೋಗ ಹೇಗಾಗುತ್ತದೆ ಎಂದರು. ಈಗಲೂ ದೊಡ್ಡಪ್ಪ ಆ ಮನೆಗೆ ಊಟಕ್ಕೆ ಹೋಗುತ್ತಾರೆ, ಕತ್ತು ಮಾತ್ರ ನೆಟ್ಟಗೆ ಇಟ್ಟುಕೊಂಡು.

ಎದೆ ಹಗುರಾದ ಕಥೆ

ಭೈರವಾನಿತಿಪ್ಪ ಡ್ಯಾಮಿನ ಕಟ್ಟೆಯ ಮೇಲೆ ನಿಂತಾಗ ಎದೆ ಸಡಿಲಾಗುತ್ತದಲ್ಲ, ಅದನ್ನು ತರಬೇಕೆಂದು ಹಗರಿ ನದಿಯ ನುಣುಪು ಕಲ್ಲುಗಳನ್ನು ಜೀನ್ಸ್ ಪಟ್ಟಿಯಲ್ಲಿ ಗಂಟು ಹಾಕಿ ಎದೆಗೆ ಕಟ್ಟುವ ಸಾಮಾನೊಂದು ಮಾಡಿದೆ. ಕೈ ಚಾಚಿದರೆ ಗಂಟು ಜಾರಿ ಎದೆ ಸಡಿಲಾಗುತ್ತಿತ್ತು. ಅದನ್ನು ಕಟ್ಟಿಕೊಂಡೇ ಸಂತೆಗೆ ಹೋದೆ.

ಬದನೆಕಾಯಿ ಮಾರುವಾಕೆ ತೂಕದ ತಟ್ಟೆ ಕೆಳಗಿಟ್ಟು, ಇದು ಯಾಕೆ ಕಟ್ಟಿದ್ದು ಎಂದು ಕೇಳಿದಳು. ಇದ್ದದ್ದು ಇದ್ದ ಹಾಗೆ ಎದೆ ಹಗುರಾಗಲಿಕ್ಕೆ ಎಂದೆ. ಅಷ್ಟೇ ನಾನು ಹೇಳಿದ್ದು.

ಮಾರನೆಯ ದಿನ ಮಂಗಳವಾರ. ಬಾಗಿಲು ತೆರೆದರೆ ಹೆಂಗಸರು ತಲೆಗೆ ಸ್ನಾನ ಮಾಡಿ, ತೆಂಗಿನಕಾಯಿ ಹಿಡಿದು ಕೂತಿದ್ದಾರೆ. ಇದು ತಾಯತವಲ್ಲ, ಮಂತ್ರ ಹಾಕಿಲ್ಲ, ನೀರಿನ ಬಯಲು ಮೈಗೆ ಹೇಗೆ ಅನಿಸುತ್ತದೆ ಎಂಬುದರ ವಿನ್ಯಾಸ ಎಂದು ಬಿಡಿಸಿ ಹೇಳಿದೆ. ಒಬ್ಬಾಕೆ ತಲೆದೂಗಿ, "ಗಂಗಮ್ಮನ ಶಕ್ತಿ ಅನ್ರಿ ಹಂಗಾರ," ಎಂದು ಪಟ್ಟಿಗೆ ಕುಂಕುಮ ಹಚ್ಚಿದಳು. ನಾನು ವಿವರಿಸಿದಷ್ಟೂ ಭಕ್ತಿ ಹೆಚ್ಚಾಯಿತು. ಕೊನೆಗೆ ಕೇಳಿದವರಿಗೆಲ್ಲ ಒಂದೊಂದು ಪಟ್ಟಿ ಹೊಲಿದು ಕೊಟ್ಟೆ. ಅತ್ತೆಯಂತೂ ಚಪ್ಪಲಿ ಹೊರಗೆ ಬಿಡಿರೆಂದು ಎಲ್ಲರನ್ನೂ ಸಾಲಾಗಿ ಕೂರಿಸುತ್ತಿದ್ದರು.

ಇಷ್ಟು ಜನ ಕಟ್ಟಿಕೊಂಡರಲ್ಲ, ಇದಾದರೂ ಉಪಯೋಗವೇ ಎಂದು ಅತ್ತೆಯನ್ನು ಕೇಳಿದೆ. ಅದು ಗಂಗಮ್ಮನ ಕೆಲಸ, ನಿನ್ನದು ಬರೇ ಹೊಲಿಗೆ ಎಂದರು.

ವಾರ ಕಳೆದು ಕುಂಕುಮದಾಕೆ ಪಟ್ಟಿ ವಾಪಸು ತಂದಳು. ಎದೆ ಹಗುರಾಗಲಿಲ್ಲವೇ ಎಂದು ಕೇಳಿದೆ.

"ಎದಿ ಹಗುರ ಆತ್ರಿ," ಎಂದಳು ಬೇಸರದಿಂದ. "ಗಂಡ ಹಂಗ ಅದಾನ."

ಪತಂಗ

ಅಮ್ಮನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಗೂಡಿನೊಳಗಿನ ಮೆತ್ತನೆಯ ಇಕ್ಕಟ್ಟನ್ನು ಮೈಗೆ ತರಬೇಕೆಂದು ಹಸಿ ಗೂಡುಗಳನ್ನೇ ಪೋಣಿಸಿ ಒಂದು ಶಾಲು ಮಾಡಿದೆ. ಹಬೆಗಿಡದ ಗೂಡಿನಲ್ಲಿ ಹುಳು ಜೀವಂತ ಇರುತ್ತದೆ, ದಿನ ತುಂಬಿದರೆ ಪತಂಗವಾಗಿ ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆಮೇಲೆ ಆ ಗೂಡಿನಿಂದ ನೂಲು ಬರುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ದು ಬೆಳೆದವಳಿಗೆ ಇದು ಮರೆತುಹೋಗಬಹುದೇ? ಮರೆತುಹೋಗಿತ್ತು.

ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಕಾಲೇಜಿನ ನನ್ನ ಹಳೆಯ ಟೀಚರು ಅದನ್ನು ಹೊದ್ದು ಕಣ್ಣು ಮುಚ್ಚಿ ನಿಂತಿದ್ದರು. ಬಿಳಿ ಪತಂಗವೊಂದು ಅವರ ಹೆಗಲಿನಿಂದ ಹೊರಟು ಕಿವಿಯ ಕಡೆಗೆ ನಡೆಯಿತು. ಅದರ ಹಿಂದೆ ಇನ್ನೊಂದು. ನನ್ನ ಜೀವ ಬಾಯಿಗೆ ಬಂತು. ಟೀಚರು ಕಣ್ಣು ತೆರೆಯದೆ, ಇಕ್ಕಟ್ಟಿನಿಂದ ಬಿಡುಗಡೆ ಆಗುವುದನ್ನೂ ಸೇರಿಸಿದ್ದೀಯ, ಅದ್ಭುತ ಎಂದರು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನನಗೂ ಅದು ನನ್ನದೇ ಯೋಚನೆ ಇರಬಹುದೇ ಎಂದು ಅನುಮಾನ ಹುಟ್ಟಿತು.

ಸಂತೋಷಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ, "ಗೂಡು ತೂತಾದ್ರೆ ನಮ್ಮೂರಾಗೆ ಅಳ್ತಾರೆ ಕಣೆ. ಯಾರಿಗೂ ಏಳ್ಬೇಡ," ಎಂದು ಫೋನ್ ಇಟ್ಟುಬಿಟ್ಟರು.

ಜಾಕೀಟು

ಯುಗಾದಿ ಬಂತು, ಹೋಯಿತು. ಅತ್ತೆ ಒಬ್ಬ ಟೈಲರನ್ನು ಗೊತ್ತು ಮಾಡಿದರು. ರೂಮು ಕೈಬಿಡುತ್ತದೆಂದಾಗ ನನಗೆ ನಿಜಕ್ಕೂ ಅಳು ಬಂತು. ಅಳುತ್ತಾ ಕೂತರೆ ಆಗುವುದೇನು ಎಂದು ಆ ರೂಮನ್ನೇ ಹೊಲಿದಿಟ್ಟುಕೊಳ್ಳಲು ಶುರು ಮಾಡಿದೆ. ಕೂತಾಗ ಮೊಣಕೈ ಎಲ್ಲಿ ಗೋಡೆಗೆ ತಾಗುತ್ತದೆ, ಎದ್ದಾಗ ತೊಲೆ ಎಲ್ಲಿ ತಲೆಗೆ ಬರುತ್ತದೆ, ಎಡಗಡೆ ಕಂಬ ಎಲ್ಲಿ ಪಕ್ಕೆಗೆ ಒತ್ತುತ್ತದೆ, ಎಲ್ಲವನ್ನೂ ಪ್ಯಾಂಟಿನ ದಪ್ಪ ಸೊಂಟಪಟ್ಟಿಗಳಲ್ಲಿ ಹಿಡಿದು ತಲೆಗೆ ಟೋಪಿಯೂ ಇರುವ ಒಂದು ಜಾಕೀಟು ಮಾಡಿ ತೊಲೆಯ ಮೊಳೆಗೆ ನೇತುಹಾಕಿದೆ.

ಟೈಲರು ಬರುವ ದಿನ ಅತ್ತೆ ನನ್ನ ಸಾಮಾನೆಲ್ಲ ಹಿತ್ತಲಿಗೆ ಸಾಗಿಸಿ, ಗೋಡೆಗೆ ಸುಣ್ಣ ಹೊಡೆಸಿ, ಅವನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ರೂಮು ತೋರಿಸಿದರು. ಭಾಳ ವಿಶಾಲ ಐತಿ ಎಂದು ಅವನು ಒಪ್ಪಿದ. ಮುಂಗಡ ತೆಗೆಯಲು ಜೇಬಿಗೆ ಕೈ ಹಾಕಿದವನ ಕಣ್ಣು ಮೊಳೆಯಲ್ಲೇ ಉಳಿದುಹೋಗಿದ್ದ ಜಾಕೀಟಿನ ಕಡೆ ಹೋಯಿತು. ಹೊಲಿದ ಬಟ್ಟೆ ಕಂಡರೆ ಒಳಗೆ ಕೈ ತೂರಿಸದ ಟೈಲರು ಇನ್ನೂ ಹುಟ್ಟಿಲ್ಲ. ಒಳಗೆ ಬಂದ, ತೊಟ್ಟುಕೊಂಡ.

ತೊಟ್ಟವನು ಮಷಿನ್ನಿಗೆ ಬಟ್ಟೆ ದೂಡುವ ಹಾಗೆ ಕೈ ಮುಂದೆ ಮಾಡಿದ. ಮೊಣಕೈ ಬರಲಿಲ್ಲ. ಬಗ್ಗಿದ, ಪಕ್ಕೆಗೆ ಚುಚ್ಚಿತು. ನೆಟ್ಟಗಾದ, ತಲೆಯ ಮೇಲೆ ಏನೋ ಕೂತಿತು.

"ಯಾರ ಅಳತಿರಿ ಇದು?"

ನಾನು ಅತ್ತೆಯ ಮುಖ ನೋಡದೆ, "ಈ ರೂಮಿಂದ್ರಿ," ಎಂದೆ.

ಅವನು ಜಾಕೀಟು ನೋಡಿದ, ಗೋಡೆ ನೋಡಿದ, ಮತ್ತೆ ಜಾಕೀಟು ನೋಡಿದ. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದು ಹೊರಡಲು ನೋಡಿದರೆ ಜಾಕೀಟು ಬಿಚ್ಚಲು ಬರಲಿಲ್ಲ. ಅತ್ತೆ ಒಂದು ತೋಳು, ನಾನೊಂದು ತೋಳು ಹಿಡಿದು ಎಳೆದ ಮೇಲೆ ಬಿಡುಗಡೆಯಾದ ಮನುಷ್ಯ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೋದ.

ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅತ್ತೆ ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತು ಜಾಕೀಟನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಾಡಿಸಿದರು. ಎಡಗಡೆಗೆ ಬಂದಾಗ ಬೆರಳು ನಿಂತಿತು. "ಇದು ಕಂಬ ಅಲ್ಲೇನು?" ಎಂದರು. ಹೌದೆಂದೆ. ತೊಲೆಯನ್ನೂ, ಗೋಡೆಯನ್ನೂ ನೋಡದೆಯೇ ಗುರುತು ಹಿಡಿದರು. ನನ್ನ ಕೆಲಸ ನಾನು ವಿವರಿಸದೆ ಒಬ್ಬರಿಗೆ ತಿಳಿದದ್ದು ಅದೇ ಮೊದಲು.

"ಉಪಯೋಗಕ್ಕ ಬಂತು ಬಿಡವಾ," ಎಂದರು ಅತ್ತೆ. ಆಮೇಲೆ ಸ್ವಲ್ಪ ಯೋಚಿಸಿ ಜಾಕೀಟನ್ನು ನನ್ನ ಕೈಗೆ ಕೊಟ್ಟರು. "ಒಂದು ಕೆಲಸ ಮಾಡು. ಮುಂದಿನಾವ ಬರೋದರಾಗ ಇದನ್ನ ಒಂದೀಟು ದೊಡ್ಡದು ಮಾಡಿ ಹೊಲಿ. ಹಾಕ್ಕೊಂಡು ನೋಡ್ಲಿ, ಭಾಳ ವಿಶಾಲ ಅನ್ನಸ್ಬೇಕು."

ಹೊಲಿಯಲು ಜಾಗ ಬೇಕಲ್ಲ ಎಂದೆ.

"ಇಲ್ಲೇ ಕುಂತು ಹೊಲಿ. ನಿನ್ನ ಯಾರು ಎಬ್ಬಸ್ತಾರ?"

ಅಂದಿನಿಂದ ಆ ರೂಮಿನಲ್ಲೇ ಕೂತು ಹೊಲಿಯುತ್ತಿದ್ದೇನೆ. ಎರಡು ಯುಗಾದಿ ಆದವು, ಜಾಕೀಟು ಇನ್ನೂ ಮುಗಿದಿಲ್ಲ. ಅವಸರದ ಕೆಲಸ ಅಲ್ಲ ಇದು.