ಬೆತ್ಲೆಹೇಮಿಗೆ ಬಂದ ಸ್ಟೀಮರು

ಎಲ್ಲ ಅನಾಹುತಕ್ಕೂ ಮೂಲ ಬೇಕರಿ ಪಾಸ್ಕುವಿನ ಕಾರಂಜಿ.

ಹೊನ್ನಾವರದ ಬಂದರ ಬೀದಿಯ ಕ್ರಿಸ್ತುವರು ಕ್ರಿಸ್ಮಸ್ಸಿಗೆ ಜಗಲಿಯ ಮೇಲೆ ಕೊಟ್ಟಿಗೆ ಕಟ್ಟುತ್ತಿದ್ದರು. ಹುಲ್ಲಿನ ಮಾಡು, ಮಣ್ಣಿನ ಕುರುಬರು, ಮಗುವನ್ನು ನೋಡಲು ಬಂದ ಮೂವರು ರಾಜರು, ದನ, ಕತ್ತೆ, ಮೇರಿ, ಜೋಸೆಫ್. ನಡುವೆ ಬಾಲಯೇಸುವನ್ನು ಮಲಗಿಸಲು ದನದ ಮೇವಿನ ತೊಟ್ಟಿಯಂಥ ಒಂದು ಗೋದಲಿ. ಹಬ್ಬದ ಮುನ್ನಾದಿನ ಇಳಿಹೊತ್ತಿಗೆ ಪಾದ್ರಿಗಳು ಮನೆಮನೆಗೆ ಬಂದು ನೋಡುವರು. ಯಾರ ಕೊಟ್ಟಿಗೆ ಅವರ ಮನಸ್ಸಿಗೆ ಬಂತೋ ಅವನು ಹಬ್ಬದ ಪೂಜೆಯಲ್ಲಿ ಬಾಲಯೇಸುವಿನ ಮೂರ್ತಿಯನ್ನು ಹೊತ್ತು, ಊರೆಲ್ಲ ನೋಡುತ್ತಿರುವಂತೆ, ಪೀಠದವರೆಗೆ ನಡೆಯಬೇಕು. ದರ್ಜಿ ಇನಾಸನ ಅಪ್ಪ ಏಳು ಸಲ ಹೊತ್ತಿದ್ದ. ಇನಾಸ ಒಮ್ಮೆಯೂ ಹೊತ್ತಿರಲಿಲ್ಲ. ಮೂರು ವರ್ಷಗಳಿಂದ ಪಾಸ್ಕುವೇ ಹೊರುತ್ತಿದ್ದ. ಹೊತ್ತು ಬರುವಾಗ ಇನಾಸನ ಬೆಂಚಿನ ಹತ್ತಿರ ಬೇಕೆಂದೇ ನಿಧಾನ ಮಾಡುತ್ತಿದ್ದ.

ನಲವತ್ತನಾಲ್ಕನೇ ಇಸವಿಯಲ್ಲಿ ಹಬ್ಬದ ಮುನ್ನಾದಿನ ಬೆಳಿಗ್ಗೆ ಪಕ್ಕದ ಮನೆಯ ತಿಮ್ಮಪ್ಪ ಬೇಲಿಯಾಚೆಯಿಂದಲೇ ಕೂಗಿದ. ಸ್ಟೀಮರ್ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು ಪಿಂಚಣಿಯಾದ ಮೇಲೆ ಊರ ಸುದ್ದಿಯನ್ನು ಏರಿಸುವ ಇಳಿಸುವ ಕೆಲಸ ವಹಿಸಿಕೊಂಡಿದ್ದ.

"ಇನಾಸಾ, ಕೇಳಿದ್ಯಾ? ಪಾಸ್ಕುನ ಕೊಟ್ಟಿಗೇಲಿ ಕಾರಂಜಿ ಹಾರ್ತದೆ ಮಾರಾಯಾ! ಕಂಪೌಂಡರನ ಎನಿಮಾ ಡಬ್ಬ ತಂದು ನೀರು ತುಂಬಿ ಮಾಡಿಗೆ ತೂಗಹಾಕಿದಾನೆ."

ಇನಾಸನ ಸೂಜಿ ಬೆರಳಿಗೆ ಚುಚ್ಚಿತು. ಅವನ ಜಗಲಿಯಲ್ಲಿದ್ದದ್ದು ಆಳೆತ್ತರದ ಹುಲ್ಲಿನ ರಾಶಿ, ಮಣ್ಣಿನ ಗೊಂಬೆಗಳು ಮತ್ತು ಅಪ್ಪ ಹಲಸಿನ ಮರದಲ್ಲಿ ಕೆತ್ತಿದ ಗೋದಲಿ ಅಷ್ಟೆ. ಗೋದಲಿಯೇನೋ ಎರಡು ಮೊಳ ಉದ್ದ ಇತ್ತು. ಅದರ ಬದಿಯಲ್ಲಿ ಅಪ್ಪ ಒಂದು ಶಿಲುಬೆಯನ್ನೂ, ದರ್ಜಿಯೆಂಬ ಹೆಮ್ಮೆಗೆ ಒಂದು ಕತ್ತರಿಯನ್ನೂ ಕೊರೆದಿದ್ದ. ಆದರೆ ಗೋದಲಿಯಿಂದ ನೀರು ಹಾರುತ್ತದೆಯೇ?

ಆ ಹೊತ್ತಿಗೇ ಹಿತ್ತಲ ಬಾಗಿಲಿಗೆ ಬಂಗಾರಿ ಬಂದಳು. ಅವಳ ಗಂಡ ಹಾಯಿದೋಣಿಯಲ್ಲಿ ಮುಂಬಯಿಗೆ ಹೋದವನು ತಿರುಗಿ ಬಂದಿರಲಿಲ್ಲ. ಹಿತ್ತಲ ಬೇಲಿಯಾಚೆ ಗುಡಿಸಲಲ್ಲಿ ಎರಡು ತಿಂಗಳ ಕೂಸನ್ನು ಕಟ್ಟಿಕೊಂಡು ಇದ್ದಳು.

"ಇನಾಸಣ್ಣಾ, ಒಂದು ತೆಕ್ಕೆ ಹುಲ್ಲು ಕೊಡ್ತ್ರಾ? ಹಳೇ ಬಟ್ಟೆ ಒಂದು ತುಂಡಿದ್ರೂ ಆತು. ನೆಲ ತಂಪು, ಕೂಸು ರಾತ್ರಿಯೆಲ್ಲ ಕೆಮ್ತದೆ."

"ಹುಲ್ಲೆಲ್ಲ ಕೊಟ್ಟಿಗೆಗೆ ಬೇಕು ಬಂಗಾರೀ, ಬಟ್ಟೆಯೆಲ್ಲ ಆಕಾಶಕ್ಕೆ ಬೇಕು. ಹಬ್ಬ ಕಳೀಲಿ, ಆಮೇಲೆ ಬಾ."

ಬಂಗಾರಿ ಹುಲ್ಲಿನ ರಾಶಿಯನ್ನೊಮ್ಮೆ ನೋಡಿ ಹೋದಳು. ಒಲೆಯ ಮುಂದೆ ಹಬ್ಬದ ಸಿಹಿ ಕರಿಯುತ್ತಿದ್ದ ಹೆಂಡತಿ ಲುವಿಜ ಏನೋ ಹೇಳಲು ಬಾಯಿ ತೆರೆದಳು. "ನೀನು ನೆವರಿ ಕರಿ" ಎಂದ ಇನಾಸ.

ಶಾಲಾ ಮಾಸ್ತರರ ಕೋಟಿಗೆಂದು ಬಂದಿದ್ದ ನೀಲಿ ಅಸ್ತರಿನ ಬಟ್ಟೆ ಕೊಟ್ಟಿಗೆಯ ಆಕಾಶವಾಯಿತು. ಎದುರುಮನೆ ಗಣಪಿ ಚೌತಿಯ ಮಂಟಪವನ್ನು ಹೊರಿಸಿಕೊಂಡು ಬಂದಳು. "ನಮ್ಮ ಗಣಪತಿಗೆ ಈಗೆಂತಕ್ಕೆ ಇದು? ನಿಮ್ಮ ದೇವರು ನಾಲ್ಕು ದಿನ ಕೂತ್ಕಳ್ಳಲಿ." ಬೆತ್ಲೆಹೇಮಿನಲ್ಲಿ ಮಂಟಪ ಇರಲಿಲ್ಲವೆಂದು ಹೇಳಹೋದ ಇನಾಸನಿಗೆ ಎನಿಮಾ ಡಬ್ಬ ಕಣ್ಣೆದುರು ತೂಗಾಡಿತು. "ಆತು, ಇಡಿ" ಎಂದ. ಯಕ್ಷಗಾನ ಮೇಳದ ಜಟ್ಟ ಮೂರು ಕಿರೀಟ ತಂದು ಮೂವರು ರಾಜರ ತಲೆಯ ಮೇಲಿಟ್ಟ. ಕಿರೀಟದ ಕೆಳಗೆ ರಾಜರು ಕಾಣದೆ ಹೋದರು. ಅದಕ್ಕೂ ಇನಾಸ "ಆತು" ಎಂದ.

ಮಧ್ಯಾಹ್ನ ತಿಮ್ಮಪ್ಪ, ಪಿಂಚಣಿಯ ದಿನ ಆಫೀಸಿನವರು ಕೊಟ್ಟಿದ್ದ ತಗಡಿನ ಸ್ಟೀಮರನ್ನು ಎದೆಗವಚಿಕೊಂಡು ಬಂದ. ಒಂದು ಗಜ ಉದ್ದ, ಎರಡು ಹೊಗೆಕೊಳವೆ.

"ತಿಮ್ಮಪ್ಪಣ್ಣಾ, ಬೆತ್ಲೆಹೇಮಿಗೆ ಸಮುದ್ರ ಇಲ್ಲ."

"ಮತ್ತೆ ರಾಜರು ಎಂತದ್ರಲ್ಲಿ ಬಂದ್ರು?"

"ಒಂಟೆ ಮೇಲೆ."

"ಒಂಟೆ ಕಂಡವ ಈ ಊರಲ್ಲಿ ಒಬ್ಬನಿದಾನ? ಸ್ಟೀಮರು ಎಲ್ರೂ ಕಂಡಿದಾರೆ. ಸುಮ್ನೆ ಇಡು. ಒಳಗೆ ಊದಿನಕಡ್ಡಿ ಸಿಕ್ಸಿದ್ರೆ ಹೊಗೆ ಬತ್ತದೆ. ಪಾಸ್ಕುನ ಹತ್ರ ಬರೇ ನೀರು!"

ಹೊಗೆ ಎಂದ ಕೂಡಲೇ ಇನಾಸ ಕರಗಿದ. ಆದರೆ ಸ್ಟೀಮರಿಗೆ ಜಾಗವೆಲ್ಲಿ? ಮಂಟಪ ಅಲುಗದು, ಕಿರೀಟ ಸರಿಯದು. ನಡುವೆ ಇದ್ದದ್ದು ಗೋದಲಿಯೊಂದೇ. ಬಾಲಯೇಸುವಿನ ಮೂರ್ತಿ ಹೇಗೂ ಹಬ್ಬದ ಪೂಜೆಯಾಗುವವರೆಗೆ ಪೆಟ್ಟಿಗೆಯಲ್ಲೇ ಇರುತ್ತದೆ. ಖಾಲಿ ಗೋದಲಿ ಯಾರಿಗೆ ಬೇಕು? ಇನಾಸ ಅದನ್ನು ಹುಲ್ಲುಸಮೇತ ಎತ್ತಿ ಹಿತ್ತಲ ಬೇಲಿಯ ಆಚೆ, ತೆಂಗಿನ ಸಿಪ್ಪೆಯ ರಾಶಿಯ ಮೇಲೆ ಎಸೆದು ಬಂದು ಕೈ ಕೊಡವಿಕೊಂಡ.

ಇಳಿಹೊತ್ತಿಗೆ ಪಾದ್ರಿಗಳು ಬಂದಾಗ ಬೀದಿಯೇ ಅಂಗಳದಲ್ಲಿ ನೆರೆದಿತ್ತು, ಪಾಸ್ಕು ಕೂಡ. ಸ್ಟೀಮರು ಎರಡೂ ಕೊಳವೆಯಿಂದ ಹೊಗೆಯುಗುಳುತ್ತಿತ್ತು. ಮುದುಕ ಪಾದ್ರಿಗಳು ಬಗ್ಗಿ ಮಂಟಪ ನೋಡಿದರು, ಕಿರೀಟ ನೋಡಿದರು, ಹೊಗೆಗೆ ಎರಡು ಸಲ ಸೀನಿದರು. ಆಮೇಲೆ ಕೇಳಿದರು:

"ಇನಾಸ, ಗೋದಲಿ ಎಲ್ಲಿ?"

ಇನಾಸನ ನಾಲಿಗೆ ಒಣಗಿದ ಬಂಗಡೆಯಂತಾಯಿತು. "ಅದು... ಫಾದರ್..."

"ಹೇಳಬೇಡ. ನನಗೆ ಗೊತ್ತು." ಎಲ್ಲರಿಗೂ ತಿಳಿಯಲೆಂದು ಕೊಂಕಣಿ ಬಿಟ್ಟು ಕನ್ನಡದಲ್ಲೇ ಶುರುಮಾಡಿದರು. "ಈಗ ಹಿತ್ತಲ ದಾರಿಯಲ್ಲಿ ಬಂದೆ. ಬಂಗಾರಿಯ ಕೂಸು ಇನಾಸನ ಅಪ್ಪನ ಗೋದಲಿಯಲ್ಲಿ ಬೆಚ್ಚಗೆ ನಿದ್ದೆ ಮಾಡ್ತಿದೆ. ಕತ್ತರಿಯ ಗುರುತು ಕಂಡು, ಎಲ್ಲಿಂದ ಬಂತು ಅಂತ ಕೇಳಿದೆ. ಅವಳು ಹೆದರಿಕೊಂಡು, 'ದರ್ಜಿ ಇನಾಸಣ್ಣನೇ ಕೊಟ್ರು' ಅಂದಳು. ಊರೆಲ್ಲ ಗೊಂಬೆಗೆ ಜಾಗ ಮಾಡಿತು. ಇವನೊಬ್ಬ ಮಗುವಿಗೆ ಜಾಗ ಮಾಡಿದ. ಈ ವರ್ಷ ಬಾಲಯೇಸುವನ್ನು ಹೊರುವವನು ಇನಾಸ."

ಗಣಪಿ ಸೆರಗಿನಿಂದ ಕಣ್ಣೊರಸಿಕೊಂಡಳು. ಪಾಸ್ಕು ಬಂದು ಇನಾಸನ ಕೈ ಹಿಡಿದ.

"ಇಲ್ಲ ಫಾದರ್, ನಾನು ಕೊಟ್ಟಿದ್ದಲ್ಲ" ಎಂದ ಇನಾಸ.

"ನೋಡಿ, ನೋಡಿ!" ಎಂದ ತಿಮ್ಮಪ್ಪ. "ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಿಲ್ಲ!"

"ಖರೇ ಹೇಳ್ತೆ, ನಾನು ಅದನ್ನ..."

ಎಸೆದೆ ಎನ್ನುವ ಮೊದಲು ಲೆಕ್ಕ ಹಾಕಿದ. ತಾನು ಕೊಡಲಿಲ್ಲವೆಂದರೆ ಬಂಗಾರಿ ಕದ್ದಳು ಎಂದಾಗುತ್ತದೆ. ಎಸೆದೆನೆಂದರೆ? ಅಪ್ಪನ ಗೋದಲಿಯನ್ನು ಸಿಪ್ಪೆಗೆ ಎಸೆದು ಸ್ಟೀಮರು ಇಟ್ಟೆನೆಂದು, ಈ ಅಂಗಳದಲ್ಲಿ, ಪಾಸ್ಕುವಿನ ಎದುರಿಗೆ? ಇನಾಸ ಬಾಯಿ ಮುಚ್ಚಿದ. ಬಾಗಿಲಲ್ಲಿ ನಿಂತ ಲುವಿಜ ಅವನನ್ನೇ ನೋಡುತ್ತಿದ್ದಳು. ನೋಡಿ, ಒಳಗೆ ಹೋದಳು.

ಆ ಸಂಜೆ ಪಾಪನಿವೇದನೆಗೆ ಇಗರ್ಜಿಯಲ್ಲಿ ಸಾಲು ಉದ್ದವಿತ್ತು. "ನಿನಗೆಂತ ಪಾಪ ಇನಾಸ, ಎರಡು ನಿಮಿಷದ ಕೆಲಸ" ಎಂದು ಎಲ್ಲರೂ ಸೇರಿ ಅವನನ್ನು ಮುಂದಕ್ಕೆ ದೂಡಿದರು. ಮೊಣಕಾಲೂರಿ ಅವನು ಎಲ್ಲವನ್ನೂ ಹೇಳಿದ. ಹುಲ್ಲು, ಅಸ್ತರು, ಸಿಪ್ಪೆಯ ರಾಶಿ, ಅಂಗಳದಲ್ಲಿ ಮುಚ್ಚಿದ ಬಾಯಿ.

"ಆ ದಿನ ಬೆತ್ಲೆಹೇಮಿನಲ್ಲೂ ಜಾಗ ಇರಲಿಲ್ಲ" ಎಂದರು ಪಾದ್ರಿಗಳು ಜಾಲರಿಯಾಚೆಯಿಂದ. "ಆದರೆ ಸ್ಟೀಮರು ಅಡ್ಡ ಇತ್ತು ಅಂತ ಎಲ್ಲೂ ಬರೆದಿಲ್ಲ."

"ಫಾದರ್, ಹೊರುವ ಕೆಲಸ ಪಾಸ್ಕುಗೆ ಕೊಡಿ. ನನ್ನಿಂದಾಗದು."

"ಬೇಡ. ನೀನೇ ಹೊರು. ಅದೇ ನಿನ್ನ ಪ್ರಾಯಶ್ಚಿತ್ತ." ಜಾಲರಿಯ ಹತ್ತಿರಕ್ಕೆ ಮುಖ ತಂದು, "ತಲೆ ಎತ್ತಿಕೊಂಡು ಹೊರು. ತಗ್ಗಿಸಿದರೆ ವಿನಯ ಅಂತ ಇನ್ನೂ ಹೊಗಳ್ತಾರೆ."

ಮನೆಗೆ ಬಂದವನೇ ಇನಾಸ ಕೊಟ್ಟಿಗೆಯ ಹುಲ್ಲನ್ನೆಲ್ಲ ಬಾಚಿ, ತಾನು ಹಬ್ಬಕ್ಕೆಂದು ಹೊಲಿದುಕೊಂಡಿದ್ದ ಹೊಸ ಅಂಗಿಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಲು ದಾಟಿದ. ಇಷ್ಟಾದರೂ ಕೊಟ್ಟು ಬಂದರೆ ಮುಖ ಎತ್ತಲಾದೀತು.

ಬಂಗಾರಿ ಗುಡಿಸಲ ಹೊರಗೇ ಕೂತಿದ್ದಳು. ಒಳಗೆ ಗಣಪಿಯ ಕಂಬಳಿ, ಜಟ್ಟನ ಚಾಪೆ, ತಿಮ್ಮಪ್ಪನ ಹಳೇ ಕೋಟು, ಪಾಸ್ಕುವಿನ ಬುಟ್ಟಿ ತುಂಬ ರೊಟ್ಟಿ. ಪಾದ್ರಿಗಳ ಮಾತು ಕೇಳಿದ್ದೇ ತಡ, ಬೀದಿಗೆ ಬೀದಿಯೇ ತಂದು ಸುರಿದಿತ್ತು. ನಡುವೆ ಗೋದಲಿಯಲ್ಲಿ ಕೂಸು ಮುಷ್ಟಿ ಕಟ್ಟಿ ಮಲಗಿತ್ತು.

ಅವಳು ಇನಾಸನ ಕೈಯ ಗಂಟನ್ನು ನೋಡಿದಳು. ಬೆಳಿಗ್ಗೆ ಹುಲ್ಲಿನ ರಾಶಿಯನ್ನು ನೋಡಿದ ಹಾಗೆಯೇ.

"ಈಗ ಬೇಡ ಇನಾಸಣ್ಣಾ" ಎಂದಳು ಮೆಲ್ಲಗೆ. "ಇಡೂಕೆ ಜಾಗ ಇಲ್ಲ."

ಇನಾಸ ಗಂಟನ್ನು ಹೊತ್ತು ಹಿಂದಿರುಗಿದ. ಬೇಲಿಯ ಬಳಿ ನಿಂತಿದ್ದ ತಿಮ್ಮಪ್ಪ ಹೆಂಡತಿಯನ್ನು ಕರೆದು ತೋರಿಸಿದ: "ನೋಡೇ, ಬಾಲಯೇಸುನ ಹೊರೂದು ಈಗಿಂದ್ಲೇ ರೂಢಿ ಮಾಡ್ತಾ ಇದಾನೆ, ಪಾಪ!"

ಇನಾಸ ತಲೆ ತಗ್ಗಿಸಿದ. ಪಾದ್ರಿಗಳ ಮಾತು ನೆನಪಾಗಿ, ಮತ್ತೆ ಎತ್ತಿದ.