ಹಿಮ್ಮಡಿ ಕಲ್ಲು ಮತ್ತು ಹವಾಯಿಯ ದೇವಿ

ನಮ್ಮವರನ್ನ ಗುಂಪು ಕಟ್ಟಿಕೊಂಡು ಪ್ರವಾಸ ಹೊರಟರೆ ನಗೋದಕ್ಕೆ ಬೇರೆ ಏರ್ಪಾಡೇ ಬೇಡ. ವಾರವಿಡೀ ಈ ಪರದೇಶದ ನೋವೈ ಊರಲ್ಲಿ ಕಾರಿನ ಬ್ರೇಕ್ ಡಿಸೈನ್ ಮಾಡೋ ನಾನು, ರಜೆ ಬಂತೆಂದರೆ ಕನ್ನಡದವರ ಟೂರ್ ಮೇಸ್ತ್ರಿ. ಕಳೆದ ಬೇಸಿಗೆಯಲ್ಲಿ ಹವಾಯಿಗೆ ಹೊರಟೆವು. ಪಕ್ಕದೂರು ನಾರ್ತ್‌ವಿಲ್‌ನ ಆಂಟಿಯೊಬ್ಬರು ಬಂದದ್ದು ಒಂದೇ ಆಸೆಗೆ: ಕೆಂಪಗೆ ಹರಿಯೋ ಲಾವಾ ನೋಡಬೇಕು.

"ನೋಡದೆ ವಾಪಸ್ ಬಂದ್ರೆ ನಮ್ಮ ಬಡಾವಣೇಲಿ ತಲೆ ಎತ್ತೋ ಹಾಗಿಲ್ಲ ಕಣೋ, ಎಲ್ಲರಿಗೂ ಹೇಳಿಬಿಟ್ಟಿದೀನಿ!" ಅಂದರು.

ಲಾವಾ ನಮ್ಮನೆ ಒಲೆ ಮೇಲಿದೆ ಅನ್ನೋ ಹಾಗೆ, ತೋರಿಸ್ತೀನಿ ಬನ್ನಿ ಆಂಟಿ ಅಂತ ನಾನೂ ಮಾತು ಕೊಟ್ಟುಬಿಟ್ಟೆ.

೧. ಚಪ್ಪಲಿ ಸ್ಟ್ಯಾಂಡ್

ಕಾಡಿನ ದಾರಿ ಶುರುವಾಗೋ ಕಡೆ ಬ್ರಷ್ಷಿನ ಸ್ಟ್ಯಾಂಡ್ ಒಂದಿತ್ತು. ಹೊರಗಿನ ಮಣ್ಣಿನ ಜೊತೆ ಮರಗಳಿಗೆ ರೋಗ ಬರುತ್ತೆ, ಶೂ ಉಜ್ಜಿಕೊಂಡು ಬನ್ನಿ ಅಂದಳು ನಮ್ಮ ಗೈಡ್. ಅದೇ ದ್ವೀಪದಲ್ಲಿ ಹುಟ್ಟಿ ಬೆಳೆದ ಹೆಂಗಸು. ಆಮೇಲೆ ಕಾಡಿನ ಅನುಮತಿ ಕೇಳೋಕೆ ಕಣ್ಣು ಮುಚ್ಚಿ ಮಂತ್ರದ ಹಾಗೆ ಏನೋ ಹಾಡಿದಳು. ಕಣ್ಣು ಬಿಟ್ಟು ನೋಡಿದರೆ, ನಮ್ಮವರೆಲ್ಲ ಕೈಮುಗಿದುಕೊಂಡು, ಬರಿಗಾಲಲ್ಲಿ, ಚೂಪು ಕಲ್ಲಿನ ಮೇಲೆ ಕುಣೀತಿದಾರೆ!

"ಶೂ ಎಲ್ಲಿ?" ಅಂತ ಗಾಬರಿಯಾದಳು.

"ಸ್ಟ್ಯಾಂಡಲ್ಲಿ ಬಿಟ್ವಲ್ಲ," ಅಂದರು ನಮ್ಮ ಗುಂಪಿಗೆ ದೂರದ ಲೊಂಬಾರ್ಡ್ ಊರಿಂದ ಬಂದಿದ್ದ ಅಂಕಲ್. "ಟೋಕನ್ ಕೊಡೋರು ಮಾತ್ರ ಯಾರೂ ಕಾಣ್ಲಿಲ್ಲ."

೨. ಯಾವ ಬೆಟ್ಟದ್ದು?

ಗೈಡ್ ಮನೆಯಲ್ಲಿ ಊಟ. ಕೆಸುವಿನ ಗೆಡ್ಡೆ ಬೇಯಿಸಿ ಅರೆದ ಮುದ್ದೆ ಅವರಿಗೆ ಪವಿತ್ರವಂತೆ. ಅಂಕಲ್ ಒಂದು ತುತ್ತು ತಿಂದು, ಜೇಬಿಂದ ಮಾವಿನಕಾಯಿ ಉಪ್ಪಿನಕಾಯಿ ತೆಗೆದರು. ನನಗೆ ಮಾನ ಹೋದ ಹಾಗಾಯ್ತು. ಗೈಡ್‌ನ ತಾಯಿ ಮಾತ್ರ ಕುತೂಹಲಕ್ಕೆ ಒಂದು ಹೋಳು ಬಾಯಿಗೆ ಹಾಕಿಕೊಂಡರು. ಮುಖ ಕೆಂಪಾಯ್ತು, ಕಣ್ಣು ಮೂಗು ಎಲ್ಲ ಸುರೀತು. ನೀರು ಕುಡಿದು, ಸುಧಾರಿಸಿಕೊಂಡು, ಇನ್ನೊಂದು ಹೋಳಿಗೆ ಕೈ ಚಾಚುತ್ತಾ ಕೇಳಿದರು:

"ಇದು ನಿಮ್ಮ ಕಡೆ ಯಾವ ಅಗ್ನಿಪರ್ವತದ್ದು?"

೩. ತಪ್ಪು ಕಾಣಿಕೆ

ಕೊನೇ ದಿನ ಲಾವಾ ನೋಡಬೇಕು, ಬೆಟ್ಟದ ತುಂಬ ಮಂಜು. ಪಕ್ಕದಲ್ಲಿದ್ದ ಅಂಕಲ್ಲೇ ಕಾಣರು, ಇನ್ನು ಲಾವಾ ಎಲ್ಲಿಂದ ಕಾಣಬೇಕು? ಆಂಟಿ ಅಳೋದೊಂದು ಬಾಕಿ.

"ಯಾರಾದ್ರೂ ಇಲ್ಲಿಂದ ಕಲ್ಲು ಎತ್ತಿಕೊಂಡ್ರಾ?" ಅಂತ ಗೈಡ್ ಕೇಳಿದಳು. "ಈ ಅಗ್ನಿಪರ್ವತದಲ್ಲಿರೋ ನಮ್ಮ ದೇವಿ ಮುನಿಸಿಕೊಳ್ತಾಳೆ. ಒಯ್ದವರು ಎಷ್ಟೋ ಜನ ಪೋಸ್ಟಲ್ಲಿ ವಾಪಸ್ ಕಳಿಸ್ತಾರೆ."

ಆಂಟಿ ನನ್ನ ತೋಳು ಹಿಡಿದು ಪಿಸುಗುಟ್ಟಿದರು. "ಒಂದೇ ಒಂದು ಕಣೋ! ತೂತು ತೂತಾಗಿ ಚೆನ್ನಾಗಿತ್ತು. ಹಿಮ್ಮಡಿ ಉಜ್ಜೋಕೆ ಅಂತ..."

"ಅಯ್ಯೋ ಆಂಟಿ! ದೇವಿ ಕಲ್ಲಲ್ಲಿ ಹಿಮ್ಮಡೀನಾ?"

ಆಂಟಿ ವ್ಯಾನಿಗೆ ಓಡಿ ಬ್ಯಾಗಿಂದ ಕಲ್ಲು ತಂದರು. ನೆಲದ ಮೇಲಿಟ್ಟು, ಗಲ್ಲ ಗಲ್ಲ ಬಡಿದುಕೊಂಡು, "ತಪ್ಪಾಯ್ತು ತಾಯಿ, ತಪ್ಪು ಕಾಣಿಕೆ ನೋವೈ ದೇವಸ್ಥಾನದ ಹುಂಡೀಗೆ ಹಾಕ್ತೀನಿ," ಅಂದರು. ನೋಡ್ತಾ ನೋಡ್ತಾ ಮಂಜು ಸರೀತು. ದೂರದಲ್ಲಿ ಕೆಂಪು ಲಾವಾ! ಆಂಟಿ ಗಳಗಳ ಅತ್ತರು. ನಿಜ ಹೇಳ್ತೀನಿ, ನನಗೂ ಮೈ ಜುಂ ಅಂತು.

ಮೊನ್ನೆ ಜನವರಿ ಚಳಿಯಲ್ಲಿ ಆಂಟಿ ಫೋನು. "ಅನಾಹುತ ಆಗಿದೆ ಕಣೋ! ಅಲ್ಲಿ ನಾನಿಟ್ಟು ಬಂದಿದ್ದು ದಾವಣಗೆರೆಯಿಂದ ತಂದಿದ್ದ ನನ್ನ ಹಳೇ ಹಿಮ್ಮಡಿ ಕಲ್ಲು. ಎರಡೂ ಒಂದೇ ಬ್ಯಾಗಲ್ಲಿದ್ವು!"

"ಹಾಗಾದ್ರೆ ದೇವಿ ಕಲ್ಲು?"

"ಬಾತ್‌ರೂಮಲ್ಲಿದೆ. ದಿನಾ ಉಜ್ಜಿದೀನಿ. ಈ ಸಲ ಹಿಮ್ಮಡಿ ಒಂಚೂರೂ ಒಡೆದಿಲ್ಲ, ಬೆಣ್ಣೆ ಆಗಿದೆ!"

"ಆಂಟಿ, ಇವತ್ತೇ ಪೋಸ್ಟ್ ಮಾಡಿ!"

"ಕಳಿಸ್ತೀನಪ್ಪ, ದೇವರಾಣೆ ಕಳಿಸ್ತೀನಿ," ಅಂದರು. "ಈ ಚಳಿಗಾಲ ಒಂದು ಕಳೀಲಿ."